‘ಅವರು’ ಗೊತ್ತಿದ್ದವರಿಗೆ ‘ದೇ’ ಕಷ್ಟವಲ್ಲ: ಲಿಂಗ ಗುರುತಿನ ಮಾತುಕತೆಯಿಂದ ಇಂಗ್ಲಿಷ್ ಕಲಿಯುವ ಬಗೆ

ಕಲಬುರಗಿಯಲ್ಲಿ ನಾನು ಸಂಜೆಯ ಹೊತ್ತು ನಡೆಸುವ ಇಂಗ್ಲಿಷ್ ಮಾತುಗಾರಿಕೆಯ ತರಗತಿಯಲ್ಲಿ, ಪಕ್ಕದಲ್ಲಿ ಕುಳಿತವರನ್ನು ಐದು ವಾಕ್ಯಗಳಲ್ಲಿ ಪರಿಚಯಿಸುವುದು ಮೊದಲ ವಾರದ ಅಭ್ಯಾಸ. ಕೆಲವು ವರ್ಷಗಳ ಹಿಂದೆ ಒಬ್ಬರು ಕಲಿಕಾರ್ಥಿ ತಮ್ಮ ಜೊತೆಗಾರರಿಗೆ ಮೆಲ್ಲಗೆ, ‘ನನ್ನ ಬಗ್ಗೆ ಹೇಳೂವಾಗ ಹೀ ಅನ್ನಬ್ಯಾಡ್ರಿ, ಶೀ ಅಂತನೂ ಅನ್ನಬ್ಯಾಡ್ರಿ, ದೇ ಅನ್ರಿ’ ಎಂದು ಕೇಳಿಕೊಂಡಿದ್ದರು. ಜೊತೆಗಾರರು ಹಾಗೆಯೇ ಹೇಳಿದರು. ನಾನು ವಾಕ್ಯದ ನಡುವೆಯೇ ತಡೆದು, ಒಬ್ಬರ ಬಗ್ಗೆ ಮಾತನಾಡುವಾಗ ‘ದೇ’ ಬರುವುದಿಲ್ಲವೆಂದು ಎಲ್ಲರ ಎದುರು ತಿದ್ದಿದೆ. ಆ ಕಲಿಕಾರ್ಥಿ ಎರಡು ವಾರ ತರಗತಿಗೆ ಬರಲಿಲ್ಲ. ಮರಳಿ ಬಂದಾಗ ನಾನು ಮಾಡಿದ ಮೊದಲ ಕೆಲಸವೆಂದರೆ, ಅದೇ ಎಲ್ಲರ ಎದುರಿಗೆ ನನ್ನ ತಿದ್ದುಪಡಿಯೇ ತಪ್ಪಾಗಿತ್ತು ಎಂದು ಹೇಳಿ ಕಪ್ಪುಹಲಗೆಯ ಮೇಲೆ ಸರಿಯಾದುದನ್ನು ಬರೆದದ್ದು. ಈ ಲೇಖನ ಆ ದಿನದಿಂದ ಈಚೆಗೆ ನಾವು ಸೇರಿ ಕಟ್ಟಿಕೊಂಡ ಅಭ್ಯಾಸಕ್ರಮ.

ತಮ್ಮನ್ನು ಗಂಡೆಂದಾಗಲಿ ಹೆಣ್ಣೆಂದಾಗಲಿ ಪೂರ್ತಿಯಾಗಿ ಕಂಡುಕೊಳ್ಳದೆ, ಆ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಬಯಸುವವರಿಗೆ ಇದು ಮೊದಲು ಸಲ್ಲುತ್ತದೆ. ಅವರ ಗೆಳೆಯರಿಗೆ, ಮನೆಯವರಿಗೆ ಮತ್ತು ನನ್ನಂತೆ ಇಂಗ್ಲಿಷ್ ಕಲಿಸುವವರಿಗೂ ಸಲ್ಲುತ್ತದೆ. ಹೋಟೆಲಿನಲ್ಲಿ ಊಟ ಹೇಳುವ, ರೈಲು ನಿಲ್ದಾಣದಲ್ಲಿ ದಾರಿ ಕೇಳುವ ಪಾಠಗಳು ಬೇಕೇ ಬೇಕು. ಆದರೆ ಹೇಳಲೇಬೇಕಾದ ಮಾತೊಂದು ಎದೆಯೊಳಗಿರುವಾಗ ಭಾಷೆ ಬೇರೆಯದೇ ವೇಗದಲ್ಲಿ ಬರುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೊದಲು ಪದಗಳ ಅರ್ಥ ಖಚಿತವಾಗಲಿ

ಬಾಯಿ ತೆರೆಯುವ ಮುನ್ನ ನಾಲ್ಕಾರು ಪದಗಳನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳಬೇಕು. ‘ಜೆಂಡರ್ ಐಡೆಂಟಿಟಿ’ ಎಂದರೆ ಒಬ್ಬರು ತಮ್ಮ ಲಿಂಗತ್ವವನ್ನು ಒಳಗಿನಿಂದ ಹೇಗೆ ಅರಿಯುತ್ತಾರೆ ಎಂಬುದು. ಆ ಅರಿವು ಗಂಡು ಅಥವಾ ಹೆಣ್ಣು ಎಂಬ ಎರಡೇ ಮನೆಗಳಲ್ಲಿ ಪೂರ್ತಿಯಾಗಿ ಕೂರದಿದ್ದಾಗ ‘ನಾನ್-ಬೈನರಿ’ ಎಂಬ ಪದ ಬಳಕೆಗೆ ಬರುತ್ತದೆ. ಕಂಪ್ಯೂಟರ್ ಓದಿದವರಿಗೆ ‘ಬೈನರಿ’ ಎಂದರೆ ಸೊನ್ನೆ ಮತ್ತು ಒಂದು ಎಂದು ಗೊತ್ತಿರುತ್ತದೆ. ಇಲ್ಲಿಯೂ ಅದೇ ‘ಎರಡೇ’ ಎಂಬ ಅರ್ಥ. ಉಚ್ಚರಿಸುವಾಗ ‘ಬೈ’ ಎಂಬಲ್ಲಿ ಒತ್ತು ಬೀಳಬೇಕು. ಒಬ್ಬರು ಯಾರನ್ನು ಪ್ರೀತಿಸುತ್ತಾರೆ ಎಂಬ ಪ್ರಶ್ನೆ ಇದರಿಂದ ಬೇರೆಯಾದದ್ದು. ಹುಟ್ಟಿನಿಂದ ದೇಹದ ಲಿಂಗಲಕ್ಷಣಗಳಲ್ಲಿ ಭಿನ್ನತೆ ಇರುವುದನ್ನು ‘ಇಂಟರ್‌ಸೆಕ್ಸ್’ ಎನ್ನುತ್ತಾರೆ, ಅದೂ ಬೇರೆ.

ನಮ್ಮ ಭಾಗದಲ್ಲಿ ಜೋಗಪ್ಪ, ಮಂಗಳಮುಖಿ ಮುಂತಾದ ಪದಗಳು ಬಳಕೆಯಲ್ಲಿವೆ. ಅವುಗಳಿಗೆ ತಮ್ಮದೇ ಆದ ಸಮುದಾಯ, ಆಚರಣೆ, ಗುರು-ಶಿಷ್ಯ ಸಂಬಂಧಗಳಿವೆ. ಆದ್ದರಿಂದ ಅವನ್ನು ‘ನಾನ್-ಬೈನರಿ’ ಎಂದು ಅನುವಾದಿಸುವುದಾಗಲಿ, ನಾನ್-ಬೈನರಿ ಎನ್ನುವವರನ್ನು ಆ ಹೆಸರುಗಳಿಂದ ಕರೆಯುವುದಾಗಲಿ ಸರಿಯಲ್ಲ. ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ನೀಡಿದ ತೀರ್ಪಿನಲ್ಲಿ, ತಮ್ಮ ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಆ ತೀರ್ಪನ್ನು ಕುರಿತ ಇಂಗ್ಲಿಷ್ ಬರಹಗಳಲ್ಲಿ ಪದೇಪದೇ ಬರುವ ‘ಸೆಲ್ಫ್-ಐಡೆಂಟಿಫೈಡ್ ಜೆಂಡರ್’ ಎಂಬ ಮಾತನ್ನು ಬಾಯಿಪಾಠ ಮಾಡಿಕೊಳ್ಳಿ. 2019ರಲ್ಲಿ ಸಂಸತ್ತು ಅಂಗೀಕರಿಸಿದ, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ ಕಾಯ್ದೆಯ ವ್ಯಾಖ್ಯೆಯಲ್ಲಿ ಹಿಜಡಾ, ಜೋಗ್ತಾ ಎಂಬ ಪದಗಳ ಜೊತೆಗೆ ‘ಜೆಂಡರ್‌ಕ್ವಿಯರ್’ (ಗಂಡು-ಹೆಣ್ಣೆಂಬ ಎರಡೇ ಮನೆಗಳಲ್ಲಿ ಕೂರದವರು) ಎಂಬ ಪದವೂ ಬೇರೆಯಾಗಿಯೇ ಸೇರಿತ್ತು. ಈ ಮಾತುಗಳೆಲ್ಲ ದೂರದ ದೇಶದವರದು ಎನ್ನುವವರಿಗೆ ಇಷ್ಟು ಹೇಳಿದರೆ ಸಾಕು.

ಯಾರೊಂದಿಗೆ, ಎಲ್ಲಿ

ಇಬ್ಬರು ಸಾಕು, ಮೂವರಿದ್ದರೆ ಇನ್ನೂ ಒಳ್ಳೆಯದು. ವಾರಕ್ಕೆ ಮೂರು ಸಲ, ಸಲಕ್ಕೆ 20 ನಿಮಿಷ ಸಾಕು. ಸ್ಥಳವನ್ನು ಮಾತ್ರ ಯೋಚಿಸಿ ಆರಿಸಿಕೊಳ್ಳಬೇಕು. ಮನೆಯಲ್ಲಿ ಪಕ್ಕದ ಕೋಣೆಗೆ ಮಾತು ಕೇಳುತ್ತದೆ. ಕೆರೆಯ ದಂಡೆಯಲ್ಲಿ ನಡೆಯುತ್ತ ಆಡಿದ ಮಾತು ಯಾರಿಗೂ ಪೂರ್ತಿ ಕೇಳುವುದಿಲ್ಲ. ನಮ್ಮವರು ಶರಣಬಸವೇಶ್ವರ ಕೆರೆಯ ಸುತ್ತ ನಡೆಯುತ್ತಲೇ ಅಭ್ಯಾಸ ಮಾಡುತ್ತಿದ್ದರು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಊರಿನ ಬಿಸಿಲು ಗೊತ್ತೇ ಇದೆ, ಆಗ ಬೆಳಿಗ್ಗೆ ಆರಕ್ಕೆ ಹೊರಡಬೇಕಾಗುತ್ತದೆ.

ಮೊದಲ ದಿನವೇ ಒಂದು ಒಪ್ಪಂದ ಆಗಬೇಕು. ಇಲ್ಲಿ ಕೇಳಿದ್ದು ಇಲ್ಲಿಯೇ ಉಳಿಯಬೇಕು, ಮತ್ತು ಯಾರೂ ತಮ್ಮ ಬಗ್ಗೆಯೇ ಮಾತನಾಡಬೇಕೆಂಬ ಕಡ್ಡಾಯವಿರಬಾರದು. ಇದಕ್ಕೆ ನಾವು ಕಂಡುಕೊಂಡ ದಾರಿಯೆಂದರೆ ‘ಶಶಿ’ ಎಂಬ ಕಲ್ಪಿತ ವ್ಯಕ್ತಿ. ಹೆಸರಿನಿಂದ ಗಂಡೋ ಹೆಣ್ಣೋ ತಿಳಿಯದ ಶಶಿ ನಮ್ಮ ಮೊದಲ ನಾಲ್ಕು ವಾರಗಳ ಎಲ್ಲ ವಾಕ್ಯಗಳಲ್ಲಿ ಇರುತ್ತಾರೆ. ತಮ್ಮ ಮಾತನ್ನು ಶಶಿಯ ಮಾತಾಗಿ ಹೇಳಿಕೊಳ್ಳುವ ಸ್ವಾತಂತ್ರ್ಯ ಎಲ್ಲರಿಗೂ ಇರುತ್ತದೆ, ಇದು ನಿಮ್ಮದೇ ಕಥೆಯೇ ಎಂದು ಯಾರೂ ಕೇಳಬಾರದು.

‘ದೇ’ ಎಂಬ ಪದದ ವ್ಯಾಕರಣ

ನಾನು ಅಂದು ತಪ್ಪಾಗಿ ತಿದ್ದಿದ್ದಕ್ಕೆ ಒಂದು ಹಿನ್ನೆಲೆಯಿದೆ. ಕನ್ನಡದಲ್ಲಿ ಯೋಚಿಸುವ ಕಲಿಕಾರ್ಥಿಗಳು ತಂದೆಯ ಬಗ್ಗೆ ಹೇಳುವಾಗ ಗೌರವಕ್ಕಾಗಿ, ‘ಮೈ ಫಾದರ್ ಇಸ್ ಎ ಟೀಚರ್, ದೇ ಗೋ ಟು ಸ್ಕೂಲ್ ಬೈ ಬಸ್’ ಎಂದುಬಿಡುತ್ತಾರೆ. ‘ಅವರು’ ಎಂಬುದರ ನೇರ ಅನುವಾದ ಅದು. ಇಂಗ್ಲಿಷಿನ ‘ದೇ’ಯಲ್ಲಿ ಗೌರವದ ಅರ್ಥವಿಲ್ಲ, ಆದ್ದರಿಂದ ತಂದೆಗೆ ‘ಹೀ’ ಎಂದೇ ಹೇಳಬೇಕೆಂದು ನಾವು ಶಿಕ್ಷಕರು ವರ್ಷಗಟ್ಟಲೆ ತಿದ್ದುತ್ತೇವೆ. ಹಾಗೆ ತಿದ್ದಿ ತಿದ್ದಿ, ಒಬ್ಬರಿಗೆ ‘ದೇ’ ಎಂದೂ ಬರುವುದಿಲ್ಲ ಎಂಬ ತಪ್ಪು ನಿಯಮ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ.

ವಾಸ್ತವದಲ್ಲಿ ಯಾರೆಂದು ತಿಳಿಯದ ಒಬ್ಬ ವ್ಯಕ್ತಿಗೆ ‘ದೇ’ ಬಳಸುವುದು ಇಂಗ್ಲಿಷಿನಲ್ಲಿ 14ನೇ ಶತಮಾನದಿಂದ ಇದೆ. ‘ಸಮ್‌ಒನ್ ಹ್ಯಾಸ್ ಲೆಫ್ಟ್ ದೇರ್ ಅಂಬ್ರೆಲಾ’ ಎಂಬ ವಾಕ್ಯವನ್ನು ಇಂಗ್ಲಿಷರು ಯೋಚಿಸದೆಯೇ ಆಡುತ್ತಾರೆ. ಬಿಟ್ಟುಹೋದ ಕೊಡೆ ಒಬ್ಬರದೇ. ಹೆಸರು ಗೊತ್ತಿರುವ, ತಮ್ಮನ್ನು ನಾನ್-ಬೈನರಿ ಎಂದು ಗುರುತಿಸಿಕೊಂಡ ಒಬ್ಬರಿಗೆ ಅದೇ ಪದವನ್ನು ಬಳಸುವುದು ಇತ್ತೀಚಿನ ರೂಢಿ. ಅಮೆರಿಕದ ಮೆರಿಯಂ-ವೆಬ್‌ಸ್ಟರ್ ನಿಘಂಟು 2019ರಲ್ಲಿ ಈ ಅರ್ಥವನ್ನು ಸೇರಿಸಿಕೊಂಡಿತಲ್ಲದೆ, ‘ದೇ’ಯನ್ನೇ ಆ ವರ್ಷದ ಪದವೆಂದು ಘೋಷಿಸಿತು. ಯಾರಾದರೂ ಇದು ತಪ್ಪು ಇಂಗ್ಲಿಷ್ ಎಂದರೆ ಈ ಸಂಗತಿಗಳನ್ನು ವಿನಯದಿಂದ ಹೇಳಬಹುದು.

ಈಗ ಅಭ್ಯಾಸಕ್ಕೆ ಬರೋಣ. ‘ದೇ’ ಒಬ್ಬರನ್ನೇ ಸೂಚಿಸಿದರೂ ಅದರ ಜೊತೆಯ ಕ್ರಿಯಾಪದ ಬಹುವಚನದಲ್ಲಿಯೇ ಇರುತ್ತದೆ. ‘ದೇ ಇಸ್’ ಎಂದಾಗದು, ‘ದೇ ಆರ್’ ಎಂದೇ ಆಗಬೇಕು. ಕನ್ನಡಿಗರಿಗೆ ಇದು ಹೊಸದೇನಲ್ಲ: ಮನೆಗೆ ಒಬ್ಬರೇ ಅತಿಥಿ ಬಂದಿದ್ದರೂ ನಾವು ‘ಅವ್ರು ಬಂದಾರ’ ಎನ್ನುತ್ತೇವೆಯೇ ಹೊರತು ‘ಅವ್ರು ಬಂದಾನ’ ಎನ್ನುವುದಿಲ್ಲ. ‘ಅಂವ ಬಂದಾನ, ಅಕಿ ಬಂದಾಳ, ಅವ್ರು ಬಂದಾರ’ ಎಂಬ ಮೂರನ್ನು ಸಾಲಾಗಿ ಹೇಳಿಕೊಂಡು, ಎದುರಿಗೆ ‘ಹೀ ಹ್ಯಾಸ್ ಕಮ್, ಶೀ ಹ್ಯಾಸ್ ಕಮ್, ದೇ ಹ್ಯಾವ್ ಕಮ್’ ಎಂದು ಹೇಳಿ ನೋಡಿ. ನಿಯಮ ಕಿವಿಯಿಂದಲೇ ಒಳಗಿಳಿಯುತ್ತದೆ.

ಎಡವುವ ಜಾಗ ಇದರ ಪಕ್ಕದಲ್ಲಿದೆ. ಹೆಸರು ಬಂದಾಗ ಕ್ರಿಯಾಪದ ಏಕವಚನ, ಸರ್ವನಾಮ ಬಂದಾಗ ಬಹುವಚನ. ‘ಶಶಿ ವರ್ಕ್ಸ್ ಇನ್ ಎ ದಾಲ್ ಮಿಲ್. ದೇ ವರ್ಕ್ ಇನ್ ದ ಆಫೀಸ್.’ ಮೊದಲನೆಯದರಲ್ಲಿ ‘ವರ್ಕ್ಸ್’, ಎರಡನೆಯದರಲ್ಲಿ ‘ವರ್ಕ್’. ‘ಶಶಿ ಇಸ್ ಫ್ರಮ್ ಆಳಂದ. ದೇ ಆರ್ ಟ್ವೆಂಟಿ-ಟು.’ ಹೀಗೆ ಹೆಸರಿನ ಒಂದು ವಾಕ್ಯ, ಸರ್ವನಾಮದ ಒಂದು ವಾಕ್ಯವನ್ನು ಜೋಡಿ ಮಾಡಿ ದಿನಕ್ಕೆ ಹತ್ತು ಜೋಡಿ ಹೇಳಬೇಕು. ನಂತರ ‘ದೆಮ್’ ಮತ್ತು ‘ದೇರ್’ ಸೇರಿಸಿಕೊಳ್ಳಿ: ‘ಐ ಮೆಟ್ ದೆಮ್ ಅಟ್ ದ ಬಸ್ ಸ್ಟ್ಯಾಂಡ್’, ‘ದಿಸ್ ಇಸ್ ದೇರ್ ಬ್ಯಾಗ್’. ಸ್ಥಳವನ್ನು ಸೂಚಿಸುವ ‘ದೇರ್’ಗೂ ಇದಕ್ಕೂ ಉಚ್ಚಾರ ಒಂದೇ, ಬರೆಯುವ ಅಕ್ಷರಗಳು ಮಾತ್ರ ಬೇರೆ. ‘ತಮ್ಮನ್ನು ತಾವು’ ಎನ್ನಲು ‘ದೆಮ್‌ಸೆಲ್ಫ್’, ‘ದೆಮ್‌ಸೆಲ್ವ್ಸ್’ ಎರಡೂ ಬಳಕೆಯಲ್ಲಿವೆ.

ಉಚ್ಚಾರದ ಬಗ್ಗೆ ಒಂದು ಮಾತು. ನಮ್ಮ ‘ದ’ಕಾರದಲ್ಲಿ ನಾಲಿಗೆ ಹಲ್ಲಿಗೆ ಒತ್ತಿ ಗಾಳಿಯನ್ನು ಪೂರ್ತಿ ತಡೆಯುತ್ತದೆ. ಇಂಗ್ಲಿಷಿನ ‘ದೇ’ಯಲ್ಲಿ ನಾಲಿಗೆಯ ತುದಿ ಮೇಲ್ಹಲ್ಲಿನ ಅಂಚಿಗೆ ಸಡಿಲವಾಗಿ ತಾಗಿ, ಗಾಳಿ ನಡುವಿನಿಂದ ಸೋರುತ್ತಿರಬೇಕು. ಅದು ಬಾರದಿದ್ದರೂ ಚಿಂತೆಯಿಲ್ಲ. ‘ಡೇ’ ಎಂದು ಮಾತ್ರ ಆಗಬಾರದು, ಅದು ದಿನ ಎಂಬ ಅರ್ಥ ಕೊಡುತ್ತದೆ.

‘ನಾನು’ ಎಂಬುದಕ್ಕೆ ಲಿಂಗವಿಲ್ಲ

ಉರ್ದು ಮನೆಮಾತಿನ ಬೀದರಿನ ಕಲಿಕಾರ್ಥಿಯೊಬ್ಬರು ಒಮ್ಮೆ ಹೇಳಿದ ಮಾತು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಅವರ ಮನೆಮಾತಿನಲ್ಲಿ ‘ನಾನು ಹೋಗುತ್ತೇನೆ’ ಎನ್ನಲೂ ‘ಜಾತಾ ಹೂಂ’ ಅಥವಾ ‘ಜಾತೀ ಹೂಂ’ ಎಂದು ಗಂಡು-ಹೆಣ್ಣಿನಲ್ಲಿ ಒಂದನ್ನು ಆರಿಸಲೇಬೇಕು. ಗಡಿಯ ಮರಾಠಿಯಲ್ಲಿಯೂ ‘ಮೀ ಜಾತೋ’, ‘ಮೀ ಜಾತೇ’ ಎಂಬ ಆಯ್ಕೆ ತಪ್ಪುವುದಿಲ್ಲ. ಕನ್ನಡದ ‘ನಾನು ಹೋಗ್ತೀನಿ’ ಮತ್ತು ಇಂಗ್ಲಿಷಿನ ‘ಐ ಗೋ’ ಅಂಥ ಪ್ರಶ್ನೆಯನ್ನೇ ಕೇಳುವುದಿಲ್ಲ. ಆದ್ದರಿಂದ ತಮ್ಮ ಬಗ್ಗೆ ತಾವು ಮಾತನಾಡುವ ಅಭ್ಯಾಸವನ್ನು ‘ಐ’ ಎಂಬ ಪದದಿಂದ ಧಾರಾಳವಾಗಿ ಮಾಡಬಹುದು: ಹುಟ್ಟಿದ ಊರು, ಇಷ್ಟದ ಊಟ, ಮಾಡುವ ಕೆಲಸ, ಕನಸು. ಗುರುತಿನ ಮಾತು ಬರಬೇಕಾದಾಗ ಎರಡೇ ವಾಕ್ಯ ಸಾಕು: ‘ಐ ಆಮ್ ನಾನ್-ಬೈನರಿ. ಐ ಯೂಸ್ ದೇ ಅಂಡ್ ದೆಮ್.’ ವಿವರಿಸಬೇಕೆನಿಸಿದರೆ ಮೂರನೆಯದು: ‘ಐ ಡೋಂಟ್ ಸೀ ಮೈಸೆಲ್ಫ್ ಆಸ್ ಓನ್ಲಿ ಎ ಮ್ಯಾನ್ ಆರ್ ಓನ್ಲಿ ಎ ವುಮನ್.’

ಬೇರೆಯವರು ಬರೆದದ್ದು, ತಾವು ಹೇಳುವುದು

ಕರ್ಮಣಿ ಪ್ರಯೋಗವನ್ನು ಶಾಲೆಯಲ್ಲಿ ಇಲಿಯನ್ನು ಬೆಕ್ಕು ಕೊಂದ ವಾಕ್ಯದಿಂದ ಕಲಿಸುತ್ತಾರೆ. ಈ ವಿಷಯದಲ್ಲಿ ಅದಕ್ಕಿಂತ ಜೀವಂತವಾದ ಉದಾಹರಣೆ ಸಿಗುತ್ತದೆ. ‘ಐ ವಾಸ್ ಅಸೈನ್ಡ್ ಫೀಮೇಲ್ ಅಟ್ ಬರ್ತ್’ ಎಂದರೆ ಹುಟ್ಟಿದಾಗ ನನ್ನನ್ನು ಹೆಣ್ಣು ಎಂದು ಬರೆದರು ಎಂದರ್ಥ. ಬರೆದವರು ಯಾರೋ, ವಾಕ್ಯದಲ್ಲಿ ಅವರಿಲ್ಲ. ‘ಐ’ ಇಲ್ಲಿ ಕೆಲಸ ಮಾಡಿದ ಕರ್ತೃವಲ್ಲ, ಕೆಲಸಕ್ಕೆ ಒಳಗಾದವರು. ಕನ್ನಡದ ಆಡುಮಾತಿನಲ್ಲಿ ‘ಬರೆಯಲ್ಪಟ್ಟಿತು’ ಎಂದು ಯಾರೂ ಹೇಳುವುದಿಲ್ಲ, ‘ಬರೆದರು’ ಎಂದು ಮುಗಿಸುತ್ತೇವೆ. ಹಾಗಾಗಿಯೇ ಈ ರಚನೆ ನಮಗೆ ಕಠಿಣವೆನಿಸುತ್ತದೆ. ಇದರ ಮುಂದೆ ‘ಐ ಐಡೆಂಟಿಫೈ ಆಸ್ ನಾನ್-ಬೈನರಿ’ ಎಂಬ ವಾಕ್ಯವನ್ನಿಡಿ. ಇಲ್ಲಿ ಗುರುತಿಸುವ ಕೆಲಸ ಮಾಡುತ್ತಿರುವುದು ‘ಐ’. ‘ಐ ಆಮ್ ಐಡೆಂಟಿಫೈಡ್’ ಎಂದರೆ ಮತ್ತೆ ಆ ಕೆಲಸ ಬೇರೆಯವರ ಕೈಗೆ ಹೋಗುತ್ತದೆ. ಎರಡೂ ವಾಕ್ಯಗಳನ್ನು ಒಂದರ ನಂತರ ಒಂದರಂತೆ ಹೇಳಿಸಿದಾಗ, ವ್ಯಾಕರಣದಲ್ಲಿ ಹಿಂದುಳಿದವರಿಗೂ ಕರ್ತರಿ-ಕರ್ಮಣಿಗಳ ವ್ಯತ್ಯಾಸ ತಟ್ಟನೆ ಹೊಳೆಯುವುದನ್ನು ನಾನು ನೋಡಿದ್ದೇನೆ.

ಒಪ್ಪಿಕೊಳ್ಳುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು

ಈ ಕ್ರಮದಲ್ಲಿ ಅತ್ಯಂತ ಎಚ್ಚರ ಬೇಕಾದ ಹೆಜ್ಜೆ ಇದು. ಕನ್ನಡದ ‘ಒಪ್ಪಿಕೊಳ್ಳು’ ಬಹಳ ಅಗಲವಾದ ಪದ. ಕಳ್ಳ ತಪ್ಪು ಒಪ್ಪಿಕೊಳ್ಳುತ್ತಾನೆ, ಗುತ್ತಿಗೆದಾರ ಕೆಲಸ ಒಪ್ಪಿಕೊಳ್ಳುತ್ತಾನೆ, ತಾಯಿ ಮಗುವನ್ನು ಇದ್ದ ಹಾಗೆ ಒಪ್ಪಿಕೊಳ್ಳುತ್ತಾಳೆ. ಇಂಗ್ಲಿಷ್ ಇವುಗಳಿಗೆ ಬೇರೆ ಬೇರೆ ಪದ ಇಟ್ಟಿದೆ: ತಪ್ಪಿಗೆ ‘ಅಡ್ಮಿಟ್’, ಅಭಿಪ್ರಾಯಕ್ಕೆ ಅಥವಾ ಷರತ್ತಿಗೆ ‘ಅಗ್ರೀ’, ಇದ್ದುದನ್ನು ಇದ್ದಂತೆ ಬರಮಾಡಿಕೊಳ್ಳಲು ‘ಅಕ್ಸೆಪ್ಟ್’. ಒಬ್ಬರು ನನ್ನ ಮುಂದೆ, ‘ಐ ಅಡ್ಮಿಟೆಡ್ ಟು ಮೈ ಮದರ್ ದಟ್ ಐ ಆಮ್ ನಾನ್-ಬೈನರಿ’ ಎಂದಿದ್ದರು. ವ್ಯಾಕರಣದಲ್ಲಿ ಅದಕ್ಕೆ ಕೊರತೆಯಿಲ್ಲ. ಆದರೆ ಕೇಳುವವರ ಕಿವಿಗೆ, ಏನೋ ಅಪರಾಧ ಮಾಡಿ ತಾಯಿಯ ಮುಂದೆ ತಪ್ಪೊಪ್ಪಿಕೊಂಡಂತೆ ಬೀಳುತ್ತದೆ. ಅವರು ಹೇಳಬಯಸಿದ್ದು ಹಾಗಲ್ಲ. ‘ಐ ಟೋಲ್ಡ್ ಮೈ ಮದರ್’ ಎಂದರೆ ಸಾಕಿತ್ತು. ‘ಟೋಲ್ಡ್ ಟು ಮೈ ಮದರ್’ ಎಂದೂ ಆಗಬಾರದು. ‘ಅಮ್ಮನಿಗೆ’ ಎಂಬಲ್ಲಿನ ‘ಗೆ’ ಪ್ರತ್ಯಯ ಆ ‘ಟು’ವನ್ನು ಎಳೆದು ತರುತ್ತದೆ. ಈ ಒಂದು ಪದ ಬದಲಾದಾಗ ಅವರು ಆ ವಾಕ್ಯವನ್ನು ಮೂರು ಸಲ ಮತ್ತೆ ಮತ್ತೆ ಹೇಳಿಕೊಂಡರು. ಮೂರನೆಯ ಸಲ ದನಿ ಮೊದಲಿಗಿಂತ ಎತ್ತರದಲ್ಲಿತ್ತು.

ಕನ್ನಡದಲ್ಲಿ ‘-ಕೊಳ್ಳು’ ಸೇರಿದೊಡನೆ ಕೆಲಸ ತನ್ನ ಕಡೆಗೇ ತಿರುಗುತ್ತದೆ. ಇಂಗ್ಲಿಷಿನಲ್ಲಿ ‘ಮೈಸೆಲ್ಫ್’ ಎಂದು ಬಿಡಿಸಿ ಹೇಳಬೇಕು. ‘ಐ ಅಕ್ಸೆಪ್ಟ್’ ಎಂದಷ್ಟೇ ನಿಲ್ಲಿಸಿದರೆ ಏನನ್ನು ಎಂಬ ಪ್ರಶ್ನೆ ಉಳಿಯುತ್ತದೆ.

ಇನ್ನು ಕಾಲದ ವಿಚಾರ. ನಾಲ್ಕು ವಾಕ್ಯಗಳನ್ನು ಬರೆದುಕೊಳ್ಳಿ. ‘ಐ ಯೂಸ್ಡ್ ಟು ಹೈಡ್ ಇಟ್’ ಎಂದರೆ ಹಿಂದೆ ಮುಚ್ಚಿಡುತ್ತಿದ್ದೆ, ಈಗ ಇಲ್ಲ. ‘ಐ ಆಮ್ ಲರ್ನಿಂಗ್ ಟು ಅಕ್ಸೆಪ್ಟ್ ಮೈಸೆಲ್ಫ್’ ಎಂದರೆ ಕೆಲಸ ನಡೆಯುತ್ತಿದೆ. ‘ಐ ಅಕ್ಸೆಪ್ಟೆಡ್ ಮೈಸೆಲ್ಫ್ ಇನ್ 2021’ ಎಂಬುದು ಆಗಿಹೋದ ಒಂದು ದಿನಾಂಕದ ಮಾತು. ‘ಐ ಹ್ಯಾವ್ ಅಕ್ಸೆಪ್ಟೆಡ್ ಮೈಸೆಲ್ಫ್’ ಎಂದರೆ ಅದು ಆಗಿದೆ, ಅದರ ಫಲ ಇಂದಿಗೂ ಇದೆ. ಇದರ ಜೊತೆ ‘ಇನ್ 2021’ ಸೇರಿಸಲು ಬರುವುದಿಲ್ಲ. ಇವುಗಳಲ್ಲಿ ತಮಗೆ ನಿಜವಾದ ವಾಕ್ಯವನ್ನು ಮಾತ್ರ ಪ್ರತಿಯೊಬ್ಬರೂ ಆಡಲಿ. ಪಾಠ ಚೆನ್ನಾಗಿ ಕಾಣಲೆಂದು ಯಾರಿಂದಲೂ ಕೊನೆಯ ವಾಕ್ಯವನ್ನು ಬಲವಂತವಾಗಿ ಹೇಳಿಸಬಾರದು. ಎರಡನೆಯ ವಾಕ್ಯದಲ್ಲಿಯೇ ವರ್ಷಗಟ್ಟಲೆ ಇರುವವರಿದ್ದಾರೆ.

ಈ ಮಾತುಗಳ ನಡುವೆ ಯಾರಿಗಾದರೂ ಗಂಟಲು ಕಟ್ಟಿದರೆ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ ಕನ್ನಡಕ್ಕೆ ಬನ್ನಿ, ಚಹಾ ಕುಡಿಯಿರಿ. ಭಾಷೆಯ ಜೊತೆಗಾರರು ಮನೋವೈದ್ಯರಲ್ಲ. ಮನಸ್ಸಿನ ಭಾರ ದಿನಗಟ್ಟಲೆ ಇಳಿಯದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಕೇಳುವವರು ಕಲಿಯಬೇಕಾದದ್ದು

ಜೊತೆಗಾರರ ಇಂಗ್ಲಿಷಿಗೂ ಇಲ್ಲಿ ಕೆಲಸವಿದೆ. ‘ವಾಟ್ ಆರ್ ಯು?’ ಎಂಬ ಪ್ರಶ್ನೆ ವಸ್ತುವನ್ನು ಕೇಳಿದಂತಾಗುತ್ತದೆ. ‘ವಾಟ್ ಪ್ರೋನೌನ್ಸ್ ಡು ಯು ಯೂಸ್?’ ಎಂದು ಕೇಳಬೇಕು. ಇಲ್ಲಿ ‘ಡು’ ಬಿಟ್ಟುಹೋಗುವುದು ಸಾಮಾನ್ಯ, ಗಮನವಿರಲಿ. ದೇಹದ ಬಗ್ಗೆ, ಚಿಕಿತ್ಸೆಯ ಬಗ್ಗೆ, ಅವರು ಈಗ ಬಿಟ್ಟಿರುವ ಹಳೆಯ ಹೆಸರಿನ ಬಗ್ಗೆ ಕೇಳಬೇಡಿ. ಬಾಯಿ ತಪ್ಪಿ ‘ಹೀ’ ಎಂದಾಗ ‘ಸಾರಿ, ದೇ’ ಎಂದು ತಿದ್ದಿಕೊಂಡು ವಾಕ್ಯವನ್ನು ಮುಂದುವರಿಸಿ. ಐದು ನಿಮಿಷ ಕ್ಷಮೆ ಕೇಳುತ್ತ ನಿಂತರೆ, ಎದುರಿನವರೇ ನಿಮ್ಮನ್ನು ಸಮಾಧಾನಪಡಿಸಬೇಕಾಗುತ್ತದೆ. ಇಂಥ ಪ್ರಶ್ನೆಗಳನ್ನು ಎದುರಿಸುವವರಿಗೆ ಅತ್ಯಂತ ಉಪಯುಕ್ತವಾದ ವಾಕ್ಯ: ‘ಐಡ್ ರಾದರ್ ನಾಟ್ ಟಾಕ್ ಅಬೌಟ್ ದಟ್.’ ಆ ಮಾತು ಬೇಡವೆನ್ನುವ ಸೌಮ್ಯವಾದ ರೀತಿ ಇದು. ‘ರಾದರ್ ನಾಟ್’ ಆದ ಮೇಲೆ ‘ಟು’ ಬರುವುದಿಲ್ಲ. ಉದ್ಯೋಗದ ಸಂದರ್ಶನದಲ್ಲಿಯೂ ಇದು ಕೆಲಸಕ್ಕೆ ಬರುತ್ತದೆ.

ಇಷ್ಟಾದ ಮೇಲೆ ಒಂದು ಅನುವಾದ

ಎಂಟನೆಯ ವಾರದ ಹೊತ್ತಿಗೆ ನಾನು ಒಂದು ಅನುವಾದ ಕೊಡುತ್ತೇನೆ. ಇಂದಿನ ಯಾದಗಿರಿ ಜಿಲ್ಲೆಯ, ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯನವರ ವಚನವೊಂದಿದೆ: ದೇಹದ ಗುರುತು ನೋಡಿ ಜನ ಹೆಣ್ಣೆನ್ನುತ್ತಾರೆ, ಗಂಡೆನ್ನುತ್ತಾರೆ, ಆದರೆ ನಡುವೆ ಸುಳಿಯುವ ಆತ್ಮ ಎರಡೂ ಅಲ್ಲ ಎಂಬುದು ಅದರ ತಾತ್ಪರ್ಯ. ‘ಎರಡೂ ಅಲ್ಲ’ ಎನ್ನಲು ಇಂಗ್ಲಿಷಿನಲ್ಲಿ ‘ನೈದರ್’ ಮತ್ತು ‘ನಾರ್’ ಜೋಡಿ ಬೇಕು: ‘ದ ಸೋಲ್ ಇಸ್ ನೈದರ್ ವುಮನ್ ನಾರ್ ಮ್ಯಾನ್.’ ‘ಈಸ್ ನಾಟ್ ನೈದರ್’ ಎಂದರೆ ಎರಡು ನಕಾರಗಳಾಗಿ ಕೆಡುತ್ತದೆ. ಆತ್ಮಕ್ಕೆ ಯಾವ ಸರ್ವನಾಮ ಎಂಬ ಚರ್ಚೆಗೆ ಅರ್ಧ ಗಂಟೆ ಮೀಸಲಿಡಿ. ವಚನದಲ್ಲಿ ‘ಆತ್ಮನು’ ಎಂಬ ಪುಲ್ಲಿಂಗ ರೂಪವಿದೆ, ಇಂಗ್ಲಿಷಿನ ‘ಸೋಲ್’ಗೆ ಸಾಮಾನ್ಯವಾಗಿ ‘ಇಟ್’ ಬರುತ್ತದೆ. ವಚನ ಹೇಳುತ್ತಿರುವುದು ಆತ್ಮದ ಮಾತು. ಇಂದಿನ ನಾನ್-ಬೈನರಿ ಗುರುತು ಬದುಕುವ ಮನುಷ್ಯರ ಮಾತು. ಎರಡನ್ನೂ ಒಂದೇ ಮಾಡಬಾರದೆಂದು ನಾನು ನಂಬಿದ್ದೇನೆ. ಆದರೂ ತಮ್ಮದೇ ಸೀಮೆಯವರೊಬ್ಬರು ಇಷ್ಟು ಹಿಂದೆ ಆ ಪ್ರಶ್ನೆಯನ್ನು ಎತ್ತಿದ್ದರೆಂದು ತಿಳಿದಾಗ ಕಲಿಕಾರ್ಥಿಗಳ ಮುಖದಲ್ಲಿ ಕಾಣುವ ಬೆಳಕು ಸಣ್ಣದಲ್ಲ.

ಧ್ವನಿಮುದ್ರಣ

ಮೊದಲ ವಾರ ಮತ್ತು 12ನೆಯ ವಾರ ಮೂರು ಮೂರು ನಿಮಿಷದ ಮಾತನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಎರಡನ್ನೂ ಒಟ್ಟಿಗೆ ಕೇಳುವಾಗ ನಾಲ್ಕು ಅಂಶಗಳನ್ನು ಮಾತ್ರ ಎಣಿಸಿ: ‘ದೇ’ ಜೊತೆಗೆ ‘ಆರ್’, ‘ಹ್ಯಾವ್’ ಬಂದಿವೆಯೇ, ‘ಅಡ್ಮಿಟ್’ ಇದ್ದಲ್ಲಿ ‘ಟೆಲ್’ ಅಥವಾ ‘ಅಕ್ಸೆಪ್ಟ್’ ಬಂದಿದೆಯೇ, ‘ಮೈಸೆಲ್ಫ್’ ಬಿಟ್ಟುಹೋಗಿದೆಯೇ, ಮತ್ತು ವಾಕ್ಯದ ನಡುವೆ ಎಷ್ಟು ಸಲ ನಿಂತಿದ್ದೀರಿ. ಮನೆಯಲ್ಲಿ ಒಂದೇ ಮೊಬೈಲನ್ನು ಹಲವರು ಬಳಸುತ್ತಿದ್ದರೆ ಕಡತವನ್ನು ಜೊತೆಗಾರರ ಬಳಿ ಇರಿಸಿ, ಇಲ್ಲವೇ ಕೇಳಿದ ಕೂಡಲೇ ಅಳಿಸಿಬಿಡಿ. ಎಣಿಸಿದ ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡರೆ ಮುಂದಿನ 12 ವಾರಗಳ ಅಭ್ಯಾಸ ಎಲ್ಲಿಂದ ಶುರುವಾಗಬೇಕೆಂದು ತಿಳಿಯುತ್ತದೆ.